ಬೂದು ತಿಮಿಂಗಿಲ ನೋಡಲು ಹತ್ತು ಜನ ಕಾರಿನಲ್ಲಿ ಮೆಕ್ಸಿಕೋಗೆ: ನಾಲ್ಕು ದಿನ ಸಾಕಾ?

ನೀವು ಕೇಳಿರುವುದು ಇಷ್ಟು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ಮೂರು ಕುಟುಂಬ, ಊರಿನಿಂದ ಬಂದಿರುವ 68 ವರ್ಷದ ಅಮ್ಮನೂ ಸೇರಿ ಹತ್ತು ಜನ. ಫೆಬ್ರವರಿಯ ಲಾಂಗ್ ವೀಕೆಂಡ್‌ನಲ್ಲಿ, ನಾಲ್ಕು ದಿನದಲ್ಲಿ, ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾಗೆ ಕಾರಿನಲ್ಲಿ ಹೋಗಿ ತಿಮಿಂಗಿಲ ನೋಡಿ ಬರಬಹುದಾ? ಅಮ್ಮನಿಗೆ ಕಷ್ಟ ಆಗುತ್ತದಾ?

ನಾಲ್ಕು ದಿನದಲ್ಲಿ ಆಗುವುದಿಲ್ಲ. ಎಂಟು ದಿನ ಬೇಕು. ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ.

ನಾನು ಸ್ಯಾನ್ ಡಿಯಾಗೋದಲ್ಲಿ ಇರುತ್ತೇನೆ. ಈ ದಾರಿಯಲ್ಲಿ ಎರಡು ಸಲ ಗುಂಪು ಕಟ್ಟಿಕೊಂಡು ಹೋಗಿದ್ದೇನೆ. ಮೊದಲ ಸಲ ಒಂಬತ್ತು ಜನ, ಎರಡು ಕಾರು, ಐದು ದಿನ. ಹೋಗಲು ಎರಡು, ಬರಲು ಎರಡು, ನಡುವೆ ದೋಣಿಗೆ ಒಂದೇ ಒಂದು ಬೆಳಗ್ಗೆ. ಆ ಬೆಳಗ್ಗೆಯೇ ಜೋರು ಗಾಳಿ ಎದ್ದಿತು. ಒಂದು ದೋಣಿಯೂ ನೀರಿಗೆ ಇಳಿಯಲಿಲ್ಲ. ಮಕ್ಕಳು ದಡದಲ್ಲಿ ನಿಂತು ದೂರದಲ್ಲಿ ಏಳುವ ಉಸಿರಿನ ಕಾರಂಜಿಗಳನ್ನು ಎಣಿಸಿದರು, ಅಷ್ಟೆ. ಸುಮಾರು 900 ಕಿಲೋಮೀಟರ್ ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ದೋಣಿಗೆ ಎರಡು ಬೆಳಗ್ಗೆ ಗೊತ್ತು ಮಾಡಿಕೊಳ್ಳಿ. ಆಮೇಲೆ ಅದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ರೂಮು, ಊಟ, ಯಾರು ಯಾವ ಕಾರು, ಎಲ್ಲವೂ ಅದಕ್ಕೆ ಹೊಂದಿಕೊಳ್ಳಲಿ. ಬೆಳಗ್ಗೆಯೇ ಯಾಕೆ ಅಂದರೆ ಮಧ್ಯಾಹ್ನದ ಮೇಲೆ ಅಲ್ಲಿ ಗಾಳಿ ಜಾಸ್ತಿ.

ಆ ಲಾಂಗ್ ವೀಕೆಂಡ್‌ನ ರಜೆ, ಪ್ರೆಸಿಡೆಂಟ್ಸ್ ಡೇ, ಫೆಬ್ರವರಿಯ ಮೂರನೇ ಸೋಮವಾರ ಬರುತ್ತದೆ. ಆ ವಾರ ನಾಲ್ಕು ದಿನ ರಜೆ ಹಾಕಿದರೆ ಶನಿವಾರ ಹೊರಟು ಮುಂದಿನ ಶನಿವಾರ ಮನೆ ಸೇರಬಹುದು. ಭಾನುವಾರ ಸುಧಾರಿಸಿಕೊಳ್ಳಲು ಉಳಿಯುತ್ತದೆ. ಬೇ ಏರಿಯಾದ ಹಲವು ಶಾಲೆಗಳಿಗೆ ಆ ವಾರ ರಜೆಯೂ ಇರುತ್ತದೆ. ತಿಮಿಂಗಿಲದ ಲೆಕ್ಕದಲ್ಲೂ ಅದೇ ಒಳ್ಳೆಯ ಸಮಯ. ಅವು ಡಿಸೆಂಬರ್ ಕೊನೆಗೆ ಬರಲು ಶುರು ಮಾಡುತ್ತವೆ, ಆದರೆ ಜನವರಿಯಲ್ಲಿ ಮರಿಗಳು ಇನ್ನೂ ತೀರಾ ಚಿಕ್ಕವು, ತಾಯಂದಿರು ದೂರವೇ ಇಟ್ಟುಕೊಳ್ಳುತ್ತವೆ. ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಮರಿಗಳಿಗೆ ಬಲ ಬಂದಿರುತ್ತದೆ. ದೋಣಿಯ ಹತ್ತಿರ ಬರುವುದು ಆಗಲೇ.

ಎಲ್ಲಿಗೆ ಹೋಗಬೇಕು? ಅವು ಮರಿ ಹಾಕುವ ಮುಖ್ಯ ಜಾಗ ಮೂರು. ಗ್ವೆರೆರೊ ನೆಗ್ರೊ ಊರಿನ ಪಕ್ಕದ ಓಹೊ ದೆ ಲಿಯೆಬ್ರೆ, ಅದರ ದಕ್ಷಿಣಕ್ಕೆ ಸ್ಯಾನ್ ಇಗ್ನಾಸಿಯೊ, ಇನ್ನೂ ಕೆಳಗೆ ಮಗ್ದಲೇನಾ ಕೊಲ್ಲಿ. ಮೊದಲೆರಡು ಕಡಲು ಒಳಕ್ಕೆ ನುಗ್ಗಿ ನಿಂತ ಲಗೂನ್‌ಗಳು, 1993ರಿಂದ ವಿಶ್ವ ಪರಂಪರೆಯ ತಾಣ. ಓಹೊ ದೆ ಲಿಯೆಬ್ರೆ ನಿಮಗೆ ಹತ್ತಿರವಾಗುತ್ತದೆ, ಅಲ್ಲಿ ತಿಮಿಂಗಿಲಗಳ ಸಂಖ್ಯೆಯೂ ದೊಡ್ಡದು. ಆದರೂ ನಾನು ನಿಮ್ಮನ್ನು ಸ್ಯಾನ್ ಇಗ್ನಾಸಿಯೊಗೇ ಕಳಿಸುತ್ತೇನೆ. ಅಲ್ಲಿ ಸುತ್ತ ಕಾರ್ಖಾನೆ ಇಲ್ಲ, ದೊಡ್ಡ ಹೋಟೆಲ್ ಇಲ್ಲ. ದೊಡ್ಡ ಉಪ್ಪಿನ ಕಾರ್ಖಾನೆಯೊಂದು ಬರುವುದರಲ್ಲಿತ್ತು. ಜನ ವರ್ಷಗಟ್ಟಲೆ ಹೋರಾಡಿದರು. 2000ದ ಮಾರ್ಚ್‌ನಲ್ಲಿ ಆಗಿನ ಮೆಕ್ಸಿಕೋ ಅಧ್ಯಕ್ಷ ಎರ್ನೆಸ್ಟೊ ಸೆದಿಯೊ ಅದನ್ನು ಕೈಬಿಟ್ಟರು. ಇವತ್ತಿಗೂ ಅಲ್ಲಿ ರಾತ್ರಿ ಕೇಳುವುದು ಗಾಳಿ ಮತ್ತು ನೀರು ಮಾತ್ರ.

ಇನ್ನೊಂದು ಕಾರಣವೂ ಇದೆ. 1857ರಲ್ಲಿ ಚಾರ್ಲ್ಸ್ ಸ್ಕ್ಯಾಮನ್ ಎಂಬ ಅಮೆರಿಕದ ಬೇಟೆಗಾರ ಓಹೊ ದೆ ಲಿಯೆಬ್ರೆಗೆ ಹಡಗು ನುಗ್ಗಿಸಿದ. ಆಮೇಲೆ ವರ್ಷಾವರ್ಷ ಮರಿಗಳ ಎದುರೇ ತಾಯಂದಿರನ್ನು ಕೊಂದರು. ತಾಯಂದಿರು ತಿರುಗಿಬಿದ್ದು ದೋಣಿ ಒಡೆಯುತ್ತಿದ್ದವು. ಅದಕ್ಕೆ ಬೇಟೆಗಾರರು ಇವಕ್ಕೆ ಸೈತಾನ ಮೀನು ಅಂತ ಹೆಸರಿಟ್ಟರು. ಸ್ಯಾನ್ ಇಗ್ನಾಸಿಯೊದ ಮೀನುಗಾರರೂ ಇವನ್ನು ಕಂಡರೆ ದೋಣಿ ತಿರುಗಿಸುತ್ತಿದ್ದರು. 1972ರಲ್ಲಿ ಪಚಿಕೊ ಮಯೊರಾಲ್ ಎಂಬ ಮೀನುಗಾರನ ದೋಣಿಯ ಪಕ್ಕ ಒಂದು ತಿಮಿಂಗಿಲ ಬಂದು ನಿಂತಿತು, ಬಿಟ್ಟು ಹೋಗಲಿಲ್ಲ. ಆತ ಹೆದರುತ್ತಲೇ ಕೈ ಚಾಚಿ ಮುಟ್ಟಿದ. ಇವತ್ತು ಅಲ್ಲಿ ನಿಮ್ಮನ್ನು ದೋಣಿಯಲ್ಲಿ ಕರೆದುಕೊಂಡು ಹೋಗುವವರು ಅದೇ ಮೀನುಗಾರರ ಮನೆಯವರು. ನೀವು ಕೊಡುವ ದುಡ್ಡು ಅವರಿಗೆ ಸಿಗುವ ಹಾಗೆ ಸ್ಥಳೀಯ ಕ್ಯಾಂಪ್‌ನಲ್ಲೇ ಬುಕ್ ಮಾಡಿ. ಮರದ ಗುಡಿಸಲು, ಮಂಚ, ಸಾದಾ ಊಟ, ಹೊರಗೆ ಶೌಚಾಲಯ. ಅಮ್ಮನಿಗೆ ಅದು ಕಷ್ಟ ಅನ್ನಿಸಿದರೆ ಸ್ಯಾನ್ ಇಗ್ನಾಸಿಯೊ ಊರಿನಲ್ಲಿ ಉಳಿಯಿರಿ. ಖರ್ಜೂರದ ತೋಪಿನ ನಡುವೆ ಇರುವ ಪುಟ್ಟ ಊರು, ಚೌಕದಲ್ಲಿ 1786ರಲ್ಲಿ ಮುಗಿದ ಕಲ್ಲಿನ ಚರ್ಚು. ಅಲ್ಲಿಂದ ಲಗೂನ್ ಸುಮಾರು 60 ಕಿಲೋಮೀಟರ್, ಕೊನೆಯಲ್ಲಿ ಮಣ್ಣು ದಾರಿ.

ಕಾಗದಪತ್ರ ಈಗಲೇ ನೋಡಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋದ ಬೇರೆ ವೀಸಾ ಬೇಡ. ಅಮ್ಮನ ವಿಸಿಟರ್ ವೀಸಾ ಸಾಕು. ಆದರೆ ಗುಂಪಿನಲ್ಲಿ ಯಾರದ್ದಾದರೂ ಪಾಸ್‌ಪೋರ್ಟ್‌ನಲ್ಲಿರುವ ಎಚ್‌-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟ್ಯಾಂಪಿಂಗ್ ಅವಧಿ ಮುಗಿದು ಬರೀ ಅಪ್ರೂವಲ್ ನೋಟಿಸ್ ಇದ್ದರೆ, ಅದು ಮೆಕ್ಸಿಕೋ ಒಳಗೆ ಹೋಗಲು ಸಾಲದು. ಅವರು ಮೆಕ್ಸಿಕೋ ವೀಸಾ ತೆಗೆದುಕೊಳ್ಳಲೇಬೇಕು. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಪಾಸ್‌ಪೋರ್ಟ್ ತೆರೆದು ನೋಡಿ, ಬಾಯಿ ಮಾತು ನಂಬಬೇಡಿ. ಗಡಿಯಲ್ಲಿ ಕಾರನ್ನು ಸುಮ್ನೆ ಒಳಗೆ ಬಿಟ್ಟುಬಿಡುತ್ತಾರೆ. ನೀವೇ ನಿಲ್ಲಿಸಿ, ಇಮಿಗ್ರೇಷನ್ ಕಚೇರಿಗೆ ಹೋಗಿ ಪ್ರವಾಸಿ ಪರ್ಮಿಟ್ ಮಾಡಿಸಿಕೊಳ್ಳಬೇಕು. ಅಮೆರಿಕದ ಕಾರ್ ಇನ್ಶೂರೆನ್ಸ್ ಆ ಕಡೆ ನಡೆಯುವುದಿಲ್ಲ, ಪ್ರತಿ ಕಾರಿಗೂ ಮೆಕ್ಸಿಕೋದ್ದು ಬೇಕು. ಬಾಡಿಗೆ ಕಾರಾದರೆ ಗಡಿ ದಾಟಲು ಒಪ್ಪಿಗೆ ಕಾಗದದಲ್ಲೇ ಪಡೆಯಿರಿ.

ದಾರಿ ಒಂದೇ, ಫೆಡರಲ್ ಹೈವೇ 1. ಮೊದಲ ದಿನ ಸ್ಯಾನ್ ಡಿಯಾಗೋ. ಎರಡನೇ ದಿನ ಎನ್ಸೆನಾಡಾ ದಾಟಿ ಸ್ಯಾನ್ ಕಿಂಟಿನ್, ಸುಮಾರು 300 ಕಿಲೋಮೀಟರ್. ಮೂರನೇ ದಿನ ಬೆಳಕು ಹರಿಯುತ್ತಲೇ ಹೊರಟು ಸ್ಯಾನ್ ಇಗ್ನಾಸಿಯೊ, ಸುಮಾರು 560. ನಾಲ್ಕು, ಐದು ಲಗೂನ್. ಉಳಿದ ಮೂರು ದಿನ ಅದೇ ದಾರಿಯಲ್ಲಿ ವಾಪಸ್.

ಜಾಗ್ರತೆ ಬೇಕಾದದ್ದು ಮೂರನೇ ದಿನ. ಎಲ್ ರೊಸಾರಿಯೊದಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ಅಲ್ಲಿಂದ ಮುಂದೆ 300 ಕಿಲೋಮೀಟರ್‌ಗೂ ಜಾಸ್ತಿ ದೂರ ಬಂಕ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ನಡುವೆ ಕತವಿನ್ಯಾದಲ್ಲಿ ರಸ್ತೆ ಪಕ್ಕ ಪೀಪಾಯಿಯಲ್ಲಿ ಪೆಟ್ರೋಲ್ ಮಾರುತ್ತಾರೆ, ಅದು ಆಪತ್ತಿಗೆ ಮಾತ್ರ. ಬಹುಪಾಲು ದಾರಿ ಫೋನ್ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಕಾರುಗಳು ಎಲ್ಲಿ ಒಟ್ಟು ಸೇರಬೇಕು ಅಂತ ಬೆಳಗ್ಗೆಯೇ ಮಾತಾಡಿಕೊಂಡು, ಚೀಟಿಯಲ್ಲಿ ಬರೆದು ಪ್ರತಿ ಕಾರಿನಲ್ಲೂ ಇಡಿ. ರಸ್ತೆ ಕಿರಿದು, ಅಂಚಿನಲ್ಲಿ ಜಾಗವೇ ಇಲ್ಲ. ಕತ್ತಲಾದ ಮೇಲೆ ದನಗಳು ಟಾರಿನ ಮೇಲೆ ನಿಂತಿರುತ್ತವೆ. ರಾತ್ರಿ ಓಡಿಸಲೇಬೇಡಿ, ಇದರಲ್ಲಿ ರಾಜಿ ಬೇಡ. ಗ್ವೆರೆರೊ ನೆಗ್ರೊ ಹತ್ತಿರ 28ನೇ ಅಕ್ಷಾಂಶ ದಾಟಿದಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆ ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೈನಿಕರ ಚೆಕ್‌ಪೋಸ್ಟ್‌ಗಳು ಬರುತ್ತವೆ, ಹೆದರಬೇಡಿ. ಎಲ್ಲಿಗೆ ಅಂತ ಕೇಳಿದರೆ "ಬಾಯೇನಾಸ್" ಅನ್ನಿ. ತಿಮಿಂಗಿಲಗಳು ಅಂತ ಅರ್ಥ. ಆ ಮಾತು ಕೇಳಿದ ಕೂಡಲೇ ನಮ್ಮನ್ನು ನಿಲ್ಲಿಸಿದ ಹುಡುಗನ ಮುಖ ಅರಳಿತ್ತು.

ಸಸ್ಯಾಹಾರಿಗಳಿದ್ದರೆ ಒಂದು ಮಾತು. ಅಲ್ಲಿನ ಹುರುಳಿಕಾಯಿ ಬೀಜದ ಪಲ್ಯಕ್ಕೆ ಹಂದಿ ಕೊಬ್ಬು ಹಾಕುವುದುಂಟು. "ಸಿನ್ ಮಂತೇಕಾ" ಅಂದರೆ ಕೊಬ್ಬಿಲ್ಲದೆ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಟ್ಟುಕೊಳ್ಳಿ, ಅಲ್ಲಿ ಬಿಸಿ ಟೋರ್ಟಿಯಾ ಎಲ್ಲೆಲ್ಲೂ ಸಿಗುತ್ತದೆ.

ಎರಡನೇ ಸಲ ನನ್ನ ಅಮ್ಮನೂ ಬಂದಿದ್ದರು. ಮೊದಲ ಬೆಳಗ್ಗೆ ತಿಮಿಂಗಿಲಗಳು ದೂರದಲ್ಲೇ ಉಳಿದವು. ಎರಡನೇ ಬೆಳಗ್ಗೆ ದೋಣಿಯವನು ಇಂಜಿನ್ ಸಣ್ಣಗೆ ಮಾಡಿ ನಿಂತ. ಅಲ್ಲಿ ದೋಣಿ ಅಟ್ಟಿಸಿಕೊಂಡು ಹೋಗುವ ಹಾಗಿಲ್ಲ, ಬಂದರೆ ಅವೇ ಬರಬೇಕು. ನೋಡುವ ಜಾಗದಲ್ಲಿ ಒಮ್ಮೆಗೆ 16 ದೋಣಿಗಿಂತ ಜಾಸ್ತಿ ಬಿಡುವುದೂ ಇಲ್ಲ. ಸುಮಾರು ಹೊತ್ತು ಕಾದೆವು. ಆಮೇಲೆ ನಮ್ಮ ದೋಣಿಯ ಎರಡರಷ್ಟು ಉದ್ದದ ಬೂದು ಬೆನ್ನು, ತುಂಬಾ ಚಿಪ್ಪು ಅಂಟಿಕೊಂಡದ್ದು, ಸದ್ದಿಲ್ಲದೆ ಕೆಳಗಿನಿಂದ ಹಾದುಹೋಯಿತು. ಪಕ್ಕದಲ್ಲಿ ಮರಿ ಮೇಲೆ ಬಂತು. ತಾಯಿ ಅದನ್ನು ಕೆಳಗಿನಿಂದ ನಮ್ಮ ಕಡೆ ಎತ್ತಿ ಹಿಡಿಯಿತು. ಅದರ ಉಸಿರಿನ ಹನಿ ಎಲ್ಲರ ಮುಖಕ್ಕೂ ಬಿತ್ತು.

ಅಮ್ಮ ಕೇಳಿದ್ದು ಒಂದೇ. "ಬಾಣಂತಿಗೆ ಊಟ?" ನಾನು ಹೇಳಿದೆ, ಇವು ಹೊಟ್ಟೆ ತುಂಬಾ ತಿನ್ನುವುದು ಅಲಾಸ್ಕದ ಆಚೆ, ಆರ್ಕ್ಟಿಕ್ ಕಡಲ ತಳದ ಕೆಸರಿನಲ್ಲಿ. ಅಲ್ಲಿಂದ ಸಾವಿರಾರು ಕಿಲೋಮೀಟರ್ ಈಜಿ ಇಲ್ಲಿಗೆ ಬಂದು, ಹೆತ್ತು, ಹಾಲೂಡಿಸಿ, ಮತ್ತೆ ಅಲ್ಲಿಗೆ ಹೋಗುವವರೆಗೆ ಹೆಚ್ಚುಕಡಿಮೆ ಉಪವಾಸ. ಅಮ್ಮ ಆಮೇಲೆ ಮಾತಾಡಲಿಲ್ಲ. ಕೈಯನ್ನು ನೀರಿನಲ್ಲಿ ಇಟ್ಟುಕೊಂಡು ಕೂತಿದ್ದರು.

ಈಗ ಆ ಆರ್ಕ್ಟಿಕ್ ಊಟವೇ ಕಡಿಮೆಯಾಗುತ್ತಿದೆ. 2016ರಲ್ಲಿ ಸುಮಾರು 27,000 ಇದ್ದ ಈ ತಿಮಿಂಗಿಲಗಳು 2025ರ ಅಂದಾಜಿನಲ್ಲಿ ಸುಮಾರು 13,000. ಮರಿಗಳೂ ಕಡಿಮೆ ಕಾಣುತ್ತಿವೆ. ಆದ್ದರಿಂದ ದೋಣಿಯಲ್ಲಿ ಮಕ್ಕಳು ಕಿರುಚದಂತೆ, ದೋಣಿಯವನ ಮಾತು ಕೇಳುವಂತೆ ಹೊರಡುವ ಮೊದಲೇ ಹೇಳಿಡಿ. ಹತ್ತು ಜನ ಒಂದೇ ದೋಣಿಯಲ್ಲಿ ತುರುಕಿಕೊಳ್ಳಬೇಡಿ, ಎರಡು ಬುಕ್ ಮಾಡಿ.

ಅಮ್ಮನಿಗೆ ಸೀರೆ ಬೇಡ, ಪ್ಯಾಂಟು, ಬೆಚ್ಚನೆ ಸ್ವೆಟರ್, ಮೇಲೆ ನೀರು ತಡೆಯುವ ಜಾಕೆಟ್ ಹಾಕಿಸಿ. ವಾಂತಿ ಮಾತ್ರೆ ತೆಗೆದುಕೊಳ್ಳುವವರಾದರೆ ದೋಣಿ ಹತ್ತುವ ಸಾಕಷ್ಟು ಮೊದಲೇ ಕೊಡಿ. ಅವರನ್ನು ಹಿಂದೆ, ದೋಣಿ ನಡೆಸುವವನ ಹತ್ತಿರ ಕೂರಿಸಿ. ಮುಂದೆ ಜಾಸ್ತಿ ಕುಲುಕುತ್ತದೆ. ನೋಡಲು ಸಿಗಲ್ಲ ಅಂತ ಅವರು ಬೇಜಾರು ಮಾಡಿಕೊಂಡರೆ ಹೇಳಿ, ತಿಮಿಂಗಿಲ ಯಾವ ಬದಿಗಾದರೂ ಬರುತ್ತದೆ.