ಕಾಂಗ್ರೆಸ್ ಕಸ ಕೊರೆಯುವ ಪತಂಗ ನಮಗೆ ಯಾಕೆ ಬೇಡವಾಯಿತು?

ಪ್ರಶ್ನೆ: ನಮ್ಮ ಹೊಲದ ಬದು ತುಂಬಾ ಕಾಂಗ್ರೆಸ್ ಕಸ. ಕಿತ್ತು ಕಿತ್ತು ಕೈಯೆಲ್ಲ ತುರಿಕೆ. ಇದರ ಕಾಂಡ ಕೊರೆಯುವ ಸಣ್ಣ ಪತಂಗವೊಂದು ಅಮೆರಿಕದ ಕಡೆ ಇದೆಯಂತೆ, ಆಸ್ಟ್ರೇಲಿಯಾದವರು ತರಿಸಿಕೊಂಡಿದ್ದಾರಂತೆ. ನಾವೂ ತರಿಸಬಾರದೇ?
– ಓದುಗರೊಬ್ಬರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ತರಿಸಿದ್ದರು ನೋಡಿ. 1985ರಲ್ಲೇ ಬೆಂಗಳೂರಿಗೆ ಬಂದಿತ್ತು. ಹೊರಗೆ ಮಾತ್ರ ಬಿಡಲಿಲ್ಲ. ಬಿಡದೇ ಇದ್ದದ್ದೇ ಒಳ್ಳೇದಾಯಿತು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇದರ ಹೆಸರು ಎಪಿಬ್ಲೆಮಾ ಸ್ಟ್ರೆನುವಾನಾ. ಕಂದು ಬಣ್ಣದ ಪುಟ್ಟ ಪತಂಗ, ದೀಪದ ಹತ್ತಿರ ಬಂದು ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ಎಪಿಬ್ಲೆಮಾ ಕುಲದ ಹಲವು ಪತಂಗಗಳು ಉತ್ತರ ಅಮೆರಿಕದಲ್ಲಿವೆ. ಅವುಗಳಲ್ಲಿ ಜಾಸ್ತಿ ಸುದ್ದಿಯಾದದ್ದು ಇದೇ, ಅದೂ ಈ ಕಸದಿಂದಾಗಿ. ತಾಯಿ ಪತಂಗ ಎಲೆ ಮೇಲೆ ಮೊಟ್ಟೆ ಇಡುತ್ತದೆ, ಮರಿಹುಳು ಕಾಂಡದೊಳಗೆ ಕೊರೆದುಕೊಂಡು ಹೋಗುತ್ತದೆ, ಅಲ್ಲಿ ಗಿಡ ಊದಿಕೊಂಡು ಗಂಟು ಕಟ್ಟುತ್ತದೆ, ಗಿಡದ ಕಸುವೆಲ್ಲ ಆ ಗಂಟಿಗೇ ಹೋಗಿ ಎತ್ತರವೂ ಬರುವುದಿಲ್ಲ, ಹೂವೂ ಕಡಿಮೆ. ಹುಳು ಕೋಶವಾಗುವುದೂ ಆ ಗಂಟಿನೊಳಗೇ. ಆಸ್ಟ್ರೇಲಿಯಾದವರು ಮೆಕ್ಸಿಕೋದಿಂದ ತರಿಸಿ 1982ರಲ್ಲಿ ಬಿಟ್ಟರು, ಅಲ್ಲಿ ಚೆನ್ನಾಗಿಯೇ ನೆಲೆಯೂರಿತು.

ನಮ್ಮಲ್ಲಿ ಅಡ್ಡ ಬಂದದ್ದು ಗುರೆಳ್ಳು! ಬೆಂಗಳೂರಿನಲ್ಲಿ ಮುಚ್ಚಿದ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿದಾಗ ಮರಿಹುಳು ಗುರೆಳ್ಳು ಗಿಡವನ್ನೂ ಕೊರೆದು, ಅದರಲ್ಲೇ ಪೂರ್ತಿ ಬೆಳೆದು ಪತಂಗವಾಯಿತು. ಕಾಂಗ್ರೆಸ್ ಕಸ, ಗುರೆಳ್ಳು ಎರಡೂ ಸೂರ್ಯಕಾಂತಿಯ ಕುಟುಂಬದವೇ ಅಲ್ವಾ. ತಂದಿದ್ದ ಹುಳುಗಳನ್ನೆಲ್ಲ ನಾಶ ಮಾಡಿದರು. ಗುರೆಳ್ಳು ಹಿಂಡಿ ಇಲ್ಲದ ರೊಟ್ಟಿ ಊಟ ನಮ್ಮ ಕಡೆ ಯಾರಿಗೆ ಸೇರುತ್ತದೆ ಹೇಳಿ? ಒಮ್ಮೆ ಹೊಲಕ್ಕೆ ಬಿಟ್ಟ ಹುಳುವನ್ನು ವಾಪಸ್ ಕರೆಯೋಕಾಗಲ್ಲ.

ನಿಮಗೆ ನೆರವಿಗೆ ಬರುವ ಹುಳು ಬೇರೆ ಇದೆ. ಮೆಕ್ಸಿಕೋದ್ದೇ ದುಂಬಿ, ಜೈಗೋಗ್ರಾಮಾ, 1983ರಲ್ಲಿ ತಂದು ಮರುವರ್ಷ ಬಿಟ್ಟದ್ದು. ಕೆನೆ ಬಣ್ಣದ ಮೈ ಮೇಲೆ ಕಂದು ಗೆರೆ. ಮಳೆಗಾಲದಲ್ಲಿ ಎಲೆ ತಿಂದು ಗಿಡ ಬೋಳು ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಸೇರಿಕೊಳ್ಳುತ್ತದೆ. ಬದುವಿನಲ್ಲಿ ಕಂಡರೆ ದಯವಿಟ್ಟು ಅದಕ್ಕೆ ಔಷಧ ಹೊಡೆಯಬೇಡಿ.

ಉಳಿದದ್ದು ಕೀಳುವ ಕೆಲಸ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಬೇರು ಸಮೇತ ಕೀಳಿ. ಒಂದು ದೊಡ್ಡ ಗಿಡಕ್ಕೆ ಸಾವಿರಗಟ್ಟಲೆ ಬೀಜ. ಹೂ ಬಂದ ಗಿಡವನ್ನು ತಿಪ್ಪೆಗೆ ಹಾಕಿದರೆ ಅದು ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತದೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಕೈಗವಸು ಹಾಕಿ, ತುಂಬು ತೋಳಿನ ಅಂಗಿ ತೊಡಿ. ತುರಿಕೆ ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.