ತಂಗಿಗೆ ಎನ್‌ಎಂಒ ಇದೆ. ಕಾರ್-ಟಿ ಬರುವವರೆಗೆ ರಿಟುಕ್ಸಿಮ್ಯಾಬ್ ನಿಲ್ಲಿಸಿ ಕಾಯಬಹುದಾ?

ನೀವು ಬರೆದದ್ದು ಇಷ್ಟು: ತಂಗಿಗೆ ಎನ್‌ಎಂಒ, ಅಂದರೆ ಕಣ್ಣಿನ ನರಕ್ಕೂ ಬೆನ್ನುಹುರಿಗೂ ಹೊಡೆತ ಕೊಡುವ ಕಾಯಿಲೆ. ಎರಡು ಸಲ ಅಟ್ಯಾಕ್ ಆಗಿದೆ. ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಹಾಕಿಸುತ್ತಿದ್ದೀರಿ, ಸದ್ಯ ತೊಂದರೆ ಇಲ್ಲ. ಈಗ ಯಾವುದೋ ವಿಡಿಯೊದಲ್ಲಿ ಕಾರ್-ಟಿ ಅನ್ನೋ ಜೀನ್ ಥೆರಪಿ ಒಂದೇ ಸಲಕ್ಕೆ ಗುಣ ಮಾಡುತ್ತದೆ ಅಂತ ನೋಡಿದ್ದೀರಿ. ಅದು ನಿಜವಾ, ನಮ್ಮಲ್ಲಿ ಸಿಗುತ್ತದಾ, ಅಲ್ಲಿವರೆಗೆ ರಿಟುಕ್ಸಿಮ್ಯಾಬ್ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ನಿಲ್ಲಿಸಬೇಡಿ. ಎನ್‌ಎಂಒದಲ್ಲಿ ಒಂದೇ ಒಂದು ಜೋರಾದ ಅಟ್ಯಾಕ್ ಸಾಕು, ಕಣ್ಣು ಹೋಗಬಹುದು, ಕಾಲು ಬಿದ್ದುಹೋಗಬಹುದು. ಹೋದದ್ದನ್ನು ಕಾರ್-ಟಿ ವಾಪಸ್ ತಂದುಕೊಡುತ್ತದೆ ಅನ್ನೋ ಖಾತ್ರಿ ಇಲ್ಲ. ಅದು ಮುಂದಿನ ದಾಳಿ ನಿಲ್ಲಿಸಲು ನೋಡುವ ಚಿಕಿತ್ಸೆಯೇ ಹೊರತು ಸತ್ತ ನರ ಚಿಗುರಿಸುವ ಚಿಕಿತ್ಸೆ ಅಲ್ಲ.

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕ್‌ನಲ್ಲಿ ಅಫೆರೆಸಿಸ್ ಮಶಿನ್, ಅಂದರೆ ರಕ್ತದ ಭಾಗಗಳನ್ನು ಬೇರೆ ಮಾಡುವ ಮಶಿನ್ ನಡೆಸುವ ಟೆಕ್ನಿಷಿಯನ್. ಆದರೆ ಈ ವಿಷಯದ ಎರಡು ತುದಿಯೂ ನನ್ನ ಮಶಿನ್ ಮುಂದೆ ಬರುತ್ತದೆ. ಎನ್‌ಎಂಒ ಅಟ್ಯಾಕ್ ಆಗಿ ಸ್ಟೀರಾಯ್ಡ್‌ಗೆ ಬಗ್ಗದವರಿಗೆ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡುವುದು ಇದೇ ಮಶಿನ್. ಕ್ಯಾನ್ಸರ್ ರೋಗಿಗಳ ಕಾರ್-ಟಿಗೆ ಬೇಕಾದ ಸೆಲ್ ತೆಗೆಯುವುದೂ ಇದೇ.

ಪ್ಲಾಸ್ಮಾ ಎಕ್ಸ್‌ಚೇಂಜ್ ಬಗ್ಗೆ ಹೇಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ರಕ್ತ ಹೊರಗೆ ಬಂದು ಗಿರಗಿರ ತಿರುಗಿ ಪದರ ಪದರವಾಗಿ ಬೇರೆಯಾಗುತ್ತದೆ. ಹಳದಿ ಪ್ಲಾಸ್ಮಾ ಚೀಲಕ್ಕೆ ಹೋಗುತ್ತದೆ, ಬದಲಿಗೆ ಆಲ್ಬುಮಿನ್ ಒಳಗೆ ಹೋಗುತ್ತದೆ. ಒಂದು ಸಲಕ್ಕೆ ಎರಡು ಮೂರು ಲೀಟರ್. ಸಾಮಾನ್ಯವಾಗಿ ದಿನ ಬಿಟ್ಟು ದಿನ ಐದು ಸಲ. ಆ ಹಳದಿ ನೀರಿನಲ್ಲೇ ನಿಮ್ಮ ತಂಗಿಯ ರಿಪೋರ್ಟ್‌ನಲ್ಲಿರುವ ಎಕ್ಯೂಪಿ4 ಆಂಟಿಬಾಡಿ ಇರುತ್ತದೆ. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ಅವರ ತಂಡ ಈ ಆಂಟಿಬಾಡಿಯನ್ನು ಮೊದಲು ಗುರುತಿಸಿತು. ಮೆದುಳಿನ ಆಸ್ಟ್ರೊಸೈಟ್ ಎಂಬ ಸೆಲ್‌ಗಳ ಮೇಲೆ ನೀರು ಹೋಗಿಬರುವ ಬಾಗಿಲುಗಳಿವೆ. ಈ ಆಂಟಿಬಾಡಿ ಅಂಟಿಕೊಳ್ಳುವುದು ಅವಕ್ಕೇ. ಆಸ್ಟ್ರೊಸೈಟ್ ಹಾಳಾದ ಮೇಲೆ ನರದ ಹೊದಿಕೆಯಾದ ಮಯಲಿನ್ ಕೂಡ ಹೋಗುತ್ತದೆ.

ಆದರೆ ಆಂಟಿಬಾಡಿ ತಯಾರು ಮಾಡುವ ಸೆಲ್‌ಗಳು ಮೈಯಲ್ಲೇ ಇರುತ್ತವಲ್ಲ. ನಾವು ಮಾಡುವುದು ತೂತು ದೋಣಿಯಿಂದ ನೀರು ಮೊಗೆದು ಹಾಕಿದ ಹಾಗೆ. ಅಟ್ಯಾಕ್ ಸಮಯಕ್ಕೆ ಅದು ಬೇಕೇ ಬೇಕು, ಆದರೆ ತೂತು ಮುಚ್ಚುವುದಿಲ್ಲ.

ರಿಟುಕ್ಸಿಮ್ಯಾಬ್ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಆಂಟಿಬಾಡಿ ತಯಾರಿಯ ಮೂಲವಾದ ಬಿ ಸೆಲ್‌ಗಳಲ್ಲಿ ಸಿಡಿ20 ಎಂಬ ಗುರುತು ಇರುವವನ್ನು ಕೊಲ್ಲುತ್ತದೆ. ಆದರೆ ಬಿ ಸೆಲ್ ಬೆಳೆದು ಪ್ಲಾಸ್ಮಾ ಸೆಲ್ ಆದಾಗ ಆ ಗುರುತು ಕಳಚಿಕೊಂಡಿರುತ್ತದೆ. ಆಂಟಿಬಾಡಿಯನ್ನು ರಾಶಿ ರಾಶಿ ಹೊರಗೆ ಹಾಕುವವು ಇವೇ, ಔಷಧಿಗೆ ಸಿಗದೆ ತಪ್ಪಿಸಿಕೊಳ್ಳುವವೂ ಇವೇ. ಜೊತೆಗೆ ರಿಟುಕ್ಸಿಮ್ಯಾಬ್ ಮೆದುಳಿನೊಳಗೆ ಹೋಗುವುದು ತೀರಾ ಕಡಿಮೆ. ಕಾರ್-ಟಿ ಮೇಲೆ ಆಸೆ ಹುಟ್ಟಿದ್ದು ಈ ಎರಡು ಕಾರಣಕ್ಕೆ.

ಕಾರ್-ಟಿಯಲ್ಲಿ ರೋಗಿಯ ಸ್ವಂತ ಟಿ ಸೆಲ್‌ಗಳನ್ನೇ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನೇ ತೆಗೆಯುತ್ತೇವೆ. ದಪ್ಪ ಸೂಜಿ, ಮೂರು ನಾಲ್ಕು ಗಂಟೆ ಮಲಗಿರಬೇಕು, ಕೈ ಮಡಚುವ ಹಾಗಿಲ್ಲ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವ ಸಿಟ್ರೇಟ್‌ನಿಂದ ಕ್ಯಾಲ್ಸಿಯಂ ಇಳಿದು ತುಟಿ ಜುಮುಜುಮು ಅನ್ನುತ್ತದೆ. ‘ತುಟಿ ಜುಂ ಅಂದ್ರೆ ತಕ್ಷಣ ಹೇಳಿ’ ಅಂತ ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. ಆದರೂ ಅರ್ಧ ಜನ ಸಂಕೋಚದಿಂದ ಸುಮ್ನೆ ಇರುತ್ತಾರೆ. ಆಮೇಲೆ ಚೀಲ ಲ್ಯಾಬ್‌ಗೆ ಹೋಗುತ್ತದೆ. ರೋಗ ತರದ ಹಾಗೆ ಮಾಡಿದ ಒಂದು ವೈರಸ್ ಬಳಸಿ ಆ ಸೆಲ್‌ಗಳ ಡಿಎನ್‌ಎಯೊಳಗೆ ಹೊಸ ಜೀನ್ ಸೇರಿಸುತ್ತಾರೆ. ಜೀನ್ ಥೆರಪಿ ಅನ್ನುವುದು ಅದಕ್ಕೇ. ಆ ಜೀನ್‌ನಿಂದ ಟಿ ಸೆಲ್ ಮೇಲೆ ಒಂದು ಕೊಕ್ಕೆ ಮೂಡುತ್ತದೆ. ಅದು ಬಿ ಸೆಲ್‌ಗಳ ಸಿಡಿ19 ಗುರುತನ್ನೋ ಪ್ಲಾಸ್ಮಾ ಸೆಲ್‌ಗಳ ಬಿಸಿಎಂಎ ಗುರುತನ್ನೋ ಹಿಡಿಯುತ್ತದೆ. ಕೆಲವು ವಾರ ಕಳೆದು, ಎರಡು ಮೂರು ದಿನ ಕೀಮೊ ಕೊಟ್ಟು, ಆ ಸೆಲ್‌ಗಳನ್ನು ವಾಪಸ್ ಹಾಕುತ್ತಾರೆ. ಹೌದು, ಕೀಮೊ. ವಿಡಿಯೊದವರು ಇದನ್ನು ಹೇಳಿರಲಿಕ್ಕಿಲ್ಲ.

ಇನ್ನು ಪುರಾವೆ. ತನ್ನ ಮೈಯನ್ನೇ ತಾನು ಹೊಡೆಯುವ ಕಾಯಿಲೆಗಳಲ್ಲಿ ದೊಡ್ಡ ಸುದ್ದಿ ಮಾಡಿದ್ದು ಜರ್ಮನಿಯ ಎರ್ಲಾಂಗನ್. 2021ರಲ್ಲಿ ಅಲ್ಲಿಯ ಗೆಯೊರ್ಗ್ ಶೆಟ್ ಅವರ ತಂಡ ಲೂಪಸ್ ಇದ್ದ 20 ವರ್ಷದ ಹುಡುಗಿಗೆ ಸಿಡಿ19 ಕಾರ್-ಟಿ ಕೊಟ್ಟದ್ದನ್ನು ಪ್ರಕಟಿಸಿತು, ಆಕೆಯ ಕಾಯಿಲೆ ತಣ್ಣಗಾಯಿತು. 2024ರ ಹೊತ್ತಿಗೆ ಬೇರೆ ಬೇರೆ ಆಟೊಇಮ್ಯೂನ್ ಕಾಯಿಲೆಗಳ 15 ಜನರ ವರದಿ ಬಂತು, ಅದೂ ಚೆನ್ನಾಗಿಯೇ ಇತ್ತು. ಆದರೆ ಅವರಲ್ಲಿ ಎನ್‌ಎಂಒ ಇದ್ದವರು ಯಾರೂ ಇರಲಿಲ್ಲ.

ಎನ್‌ಎಂಒಗೆ ನೇರವಾಗಿ ಸಂಬಂಧಿಸಿದ್ದು ಚೀನಾದ ವುಹಾನ್‌ನ ಟೊಂಗ್‌ಜಿ ಆಸ್ಪತ್ರೆಯ ಕೆಲಸ. 2023ರಲ್ಲಿ ಪ್ರಕಟವಾಯಿತು. ಬೇರೆ ಔಷಧಿಗೆ ಬಗ್ಗದ 12 ಜನರಿಗೆ ಬಿಸಿಎಂಎ ಹಿಡಿಯುವ ಕಾರ್-ಟಿ ಕೊಟ್ಟರು. 11 ಜನರಿಗೆ ಮತ್ತೆ ಅಟ್ಯಾಕ್ ಆಗಲಿಲ್ಲ. ಕೇಳಲು ಭರ್ಜರಿ ಅಲ್ವಾ? ಆದರೆ ಅವರನ್ನು ಗಮನಿಸಿದ್ದು ಸುಮಾರು ಐದೂವರೆ ತಿಂಗಳು ಮಾತ್ರ. ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಎಲ್ಲರ ರಕ್ತದ ಕೌಂಟ್ ಬಿದ್ದಿತ್ತು, ಅರ್ಧಕ್ಕಿಂತ ಹೆಚ್ಚು ಜನರಿಗೆ ಸೋಂಕು ಬಂದಿತ್ತು. ಪ್ಲಾಸ್ಮಾ ಸೆಲ್ ಹೋದರೆ ಕೆಟ್ಟ ಆಂಟಿಬಾಡಿ ಜೊತೆ ಒಳ್ಳೆಯವೂ ಹೋಗುತ್ತವೆ.

ಎಂಎಸ್, ಅಂದರೆ ನರದ ಹೊದಿಕೆಯನ್ನು ದೇಹವೇ ಹಾಳು ಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಕಥೆ ಇನ್ನೂ ಹಿಂದಿದೆ. 2024ರಲ್ಲಿ ಜರ್ಮನಿಯ ಹ್ಯಾಂಬುರ್ಗ್‌ನವರು ಇಬ್ಬರು ಎಂಎಸ್ ರೋಗಿಗಳ ಬಗ್ಗೆ ಬರೆದರು. ಬೆನ್ನುಹುರಿಯ ನೀರಿನಲ್ಲೂ ಕಾರ್-ಟಿ ಸೆಲ್‌ಗಳು ಸಿಕ್ಕಿದವು. ಅಂದರೆ ಮೆದುಳಿನ ಕಡೆಗೂ ಅವು ದಾರಿ ಮಾಡಿಕೊಂಡು ಹೋಗುತ್ತವೆ. ಇಬ್ಬರೇ ಇಬ್ಬರು, ಅಷ್ಟನ್ನು ನೆನಪಿಡಿ. ಎಂಎಸ್‌ನಲ್ಲಿ ಎಕ್ಯೂಪಿ4 ತರಹ ಇದೇ ಕಳ್ಳ ಅಂತ ಬೆರಳು ಮಾಡಿ ತೋರಿಸಲು ಒಂದು ಆಂಟಿಬಾಡಿ ಇಲ್ಲ. ಹಾಗಾಗಿ ಇದರ ಲಾಭ ಎನ್‌ಎಂಒದವರಿಗೇ ಮೊದಲು ಸಿಗಬಹುದು ಅನ್ನುವುದು ನನ್ನ ಲೆಕ್ಕ.

ಸಣ್ಣ ಗುಂಪಿನ ಒಳ್ಳೆ ಫಲಿತಾಂಶ ನೋಡಿ ನಾನು ಯಾಕೆ ಕುಣಿಯುವುದಿಲ್ಲ ಅಂದರೆ ಎಟಿಎ188 ನೆನಪಾಗುತ್ತದೆ. ಎಪ್‌ಸ್ಟೀನ್-ಬಾರ್ ವೈರಸ್‌ಗೂ ಎಂಎಸ್‌ಗೂ ಗಟ್ಟಿ ನಂಟಿದೆ ಅಂತ 2022ರಲ್ಲಿ ಅಮೆರಿಕದ ಸೈನಿಕರ ಮೇಲಿನ ಅಧ್ಯಯನ ತೋರಿಸಿತ್ತು. ಆ ವೈರಸ್ ಇರುವ ಸೆಲ್‌ಗಳನ್ನು ಹುಡುಕಿ ಕೊಲ್ಲುವ ದಾನಿಗಳ ಟಿ ಸೆಲ್ಲೇ ಎಟಿಎ188. ಶುರುವಿನ ಸಣ್ಣ ಪರೀಕ್ಷೆಯಲ್ಲಿ ಕೆಲವರು ಸುಧಾರಿಸಿದ್ದರು, ಜನ ಆಸೆಯಿಂದ ಕಾದಿದ್ದರು. ಡಮ್ಮಿ ಔಷಧಿ ಜೊತೆ ಹೋಲಿಸಿದ ಟ್ರಯಲ್‌ನ ಫಲಿತಾಂಶ 2023ರ ನವೆಂಬರ್‌ನಲ್ಲಿ ಬಂತು. ಅಂದುಕೊಂಡ ಗುರಿ ಮುಟ್ಟಿರಲಿಲ್ಲ.

ಇಲಿಗಳ ವಿಷಯವೂ ವಿಡಿಯೊದಲ್ಲಿ ಬಂದಿರಬಹುದು. ಫ್ಲೋರಿಡಾ ವಿಶ್ವವಿದ್ಯಾಲಯದವರು 2018ರಲ್ಲಿ ಮಯಲಿನ್‌ನ ಒಂದು ಪ್ರೊಟೀನಿನ ಜೀನನ್ನು, ಎಂಎಸ್ ತರಹದ ಕಾಯಿಲೆ ಬರಿಸಿದ ಇಲಿಯ ಲಿವರ್‌ಗೆ ಸೇರಿಸಿದರು. ಇದು ನಮ್ಮದೇ, ಹೊಡೆಯಬೇಡ ಅಂತ ದೇಹಕ್ಕೆ ಕಲಿಸುವ ಉಪಾಯ. ದಾಳಿಗೆ ಲಗಾಮು ಹಾಕುವ ಟಿ ಸೆಲ್‌ಗಳು ಹೆಚ್ಚಾಗಿ ಕಾಯಿಲೆ ಹಿಂದೆ ಸರಿಯಿತು. ನನಗೆ ಬಹಳ ಇಷ್ಟವಾದ ಸಂಶೋಧನೆ ಇದು, ಯಾಕೆಂದರೆ ಎಲ್ಲರನ್ನೂ ಕೊಲ್ಲದೆ ತಪ್ಪಿತಸ್ಥರಿಗೆ ಮಾತ್ರ ಬುದ್ಧಿ ಹೇಳುತ್ತದೆ. ಆದರೆ ಇಲಿಗೆ ಬರಿಸಿದ ಕಾಯಿಲೆ ಬೇರೆ, ಮನುಷ್ಯರ ಕಾಯಿಲೆ ಬೇರೆ.

ಅಪಾಯದ ಬಗ್ಗೆಯೂ ಬಿಡಿಸಿ ಹೇಳಬೇಕು. ಸೆಲ್ ವಾಪಸ್ ಹೋದ ಮೇಲೆ ಜೋರು ಜ್ವರ, ಬಿಪಿ ಇಳಿಯುವುದು ಸಾಮಾನ್ಯ. ಮೆದುಳಿಗೆ ತೊಂದರೆ ಆಗುತ್ತಿದೆಯಾ ಅಂತ ನೋಡಲು ವಾರ್ಡ್‌ನಲ್ಲಿ ದಿನಾ ಒಂದು ವಾಕ್ಯ ಬರೆಸುತ್ತಾರೆ, ನೂರರಿಂದ ಹತ್ತು ಹತ್ತು ಕಳೆದು ಎಣಿಸಲು ಹೇಳುತ್ತಾರೆ. ನಿನ್ನೆ ನೆಟ್ಟಗಿದ್ದ ಅಕ್ಷರ ಇವತ್ತು ಅಡ್ಡಾದಿಡ್ಡಿಯಾದರೆ ಓಡಾಟ ಶುರು. 2024ರ ಜನವರಿಯಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಚಿಕಿತ್ಸೆಯಿಂದ ಅಪರೂಪಕ್ಕೆ ಟಿ ಸೆಲ್ ಕ್ಯಾನ್ಸರ್ ಬರಬಹುದು ಅಂತ ಲೇಬಲ್‌ನಲ್ಲೇ ಎಚ್ಚರಿಕೆ ಹಾಕಲು ಹೇಳಿತು. ಬೇರೆ ದಾರಿ ಇಲ್ಲದ ಲ್ಯುಕೇಮಿಯಾ ರೋಗಿಗೆ ಇದು ಒಪ್ಪಿಕೊಳ್ಳಬಹುದಾದ ಲೆಕ್ಕ. ರಿಟುಕ್ಸಿಮ್ಯಾಬ್‌ನಲ್ಲಿ ಚೆನ್ನಾಗಿರುವ ನಿಮ್ಮ ತಂಗಿಗೆ ಅಲ್ಲ.

ನಮ್ಮಲ್ಲಿ ಸಿಗುತ್ತದಾ? ಕ್ಯಾನ್ಸರ್‌ಗೆ ಸಿಗುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೆಲಸದಿಂದ ಬಂದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ 2025ರ ಜನವರಿಯಲ್ಲಿ ಕಾರ್ಟೆಮಿ ತಂದಿತು. ಎರಡೂ ರಕ್ತದ ಕ್ಯಾನ್ಸರ್‌ಗಳಿಗೆ. ಅಮೆರಿಕದಲ್ಲಿ ಮೊದಲ ಕಾರ್-ಟಿಯ ಬೆಲೆ 4,75,000 ಡಾಲರ್ ಇತ್ತು, ನಮ್ಮಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಲಕ್ಷಗಳ ಲೆಕ್ಕವೇ. ಎನ್‌ಎಂಒಗೆ ಇವುಗಳನ್ನು ಕೊಡಲು ಒಪ್ಪಿಗೆ ಇಲ್ಲ.

ಆದ್ದರಿಂದ ಈಗ ಮಾಡಬಹುದಾದದ್ದು ಬೇರೆ. ಆಂಟಿಬಾಡಿ ಟೆಸ್ಟ್ ಸೆಲ್-ಬೇಸ್ಡ್ (ಸೆಲ್‌ಗಳ ಮೇಲೆ ಪರೀಕ್ಷಿಸುವ) ವಿಧಾನದಲ್ಲಿ ಆಗಿದೆಯಾ ಅಂತ ರಿಪೋರ್ಟ್ ತೆಗೆದು ನೋಡಿ, ಇದೇ ತರಹದ ಕಾಯಿಲೆ ತರುವ ಇನ್ನೊಂದು ಆಂಟಿಬಾಡಿಯಾದ ಎಂಒಜಿ ಟೆಸ್ಟ್ ಕೂಡ ಆಗಿದೆಯಾ ಕೇಳಿ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಈ ಟೆಸ್ಟ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮುಂದಿನ ಡೋಸ್‌ಗೆ ಮುಂಚೆ ಯಾವ ಲಸಿಕೆ ಹಾಕಿಸಬೇಕು ಅಂತ ನ್ಯೂರಾಲಜಿಸ್ಟ್ ಹತ್ತಿರ ಮಾತಾಡಿ, ಡೋಸ್ ಆದ ಮೇಲೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ರಿಟುಕ್ಸಿಮ್ಯಾಬ್ ಹಾಕಿದರೂ ಅಟ್ಯಾಕ್ ಬಂದರೆ, ಸಿಡಿ19 ಹಿಡಿಯುವ ಇನೆಬಿಲಿಜುಮ್ಯಾಬ್ ತರಹದ ಬೇರೆ ಔಷಧಿಗಳಿವೆ. ಅವೂ ಆದ ಮೇಲೆ ಟ್ರಯಲ್ ಮಾತು. ಆಗ ನಮ್ಮ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಟ್ರಯಲ್ ನೋಂದಣಿ ಸಂಖ್ಯೆ ಹಾಕಿ ಹುಡುಕಿ. ಸಂಖ್ಯೆ ಕೊಡದೆ, ‘ಸ್ಟೆಮ್ ಸೆಲ್ಲೂ ಕಾರ್-ಟಿಯೂ ಒಂದೇ’ ಅಂತ ಹೇಳಿ ಅಡ್ವಾನ್ಸ್ ಕೇಳುವವರು ಸಿಕ್ಕರೆ ಎದ್ದು ಬನ್ನಿ.