ಓದುಗರ ಪ್ರಶ್ನೆಗೆ ಉತ್ತರ: ನಾಣ್ಯ ಸಂಗ್ರಾಹಕರ ಸಭೆಗೆ ಹೋಗುವ ಮುನ್ನ

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಪುಣೆಯ ಕೋಥ್ರೂಡಿನಲ್ಲಿ ನೆಲೆಸಿದ್ದೇನೆ. ಧಾರವಾಡದ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಜ್ಜನ ಕಾಲದ ತಗಡಿನ ಡಬ್ಬಿಯೊಂದರಲ್ಲಿ ಬೆಳ್ಳಿ ರೂಪಾಯಿಗಳು, ತಾಮ್ರದ ದುಡ್ಡುಗಳು ಸಿಕ್ಕವು. ಇಲ್ಲಿ ನಾಣ್ಯ ಸಂಗ್ರಾಹಕರು ತಿಂಗಳಿಗೊಮ್ಮೆ ಸೇರುತ್ತಾರೆ, ಹೊಸಬರೂ ಹೋಗಬಹುದು ಎಂದು ಪರಿಚಿತರು ಹೇಳಿದರು. ನನಗೆ ಈ ವಿಷಯದ ಗಂಧಗಾಳಿಯಿಲ್ಲ, ಮರಾಠಿಯೂ ಅಷ್ಟಕ್ಕಷ್ಟೆ. ನಾಣ್ಯಗಳನ್ನು ತೊಳೆದು ಹೊಳಪು ಬರಿಸಿ ಒಯ್ಯಬೇಕೆ? ಅಲ್ಲಿ ಹೇಗೆ ನಡೆದುಕೊಳ್ಳಬೇಕು? (ಕೋಥ್ರೂಡ್, ಪುಣೆ)

ಉತ್ತರ: ಅವಶ್ಯ ಹೋಗಿ, ಆದರೆ ದಯವಿಟ್ಟು ತೊಳೆಯಬೇಡಿ. ತಾಮ್ರದ ಚೊಂಬಿಗೆ ಹಿತವಾದ ಹುಣಸೆಹಣ್ಣು ತಾಮ್ರದ ನಾಣ್ಯಕ್ಕೆ ಕೇಡು. ದಶಕಗಟ್ಟಲೆ ಗಾಳಿ ಸೋಕಿ ಲೋಹದ ಮೇಲೆ ತಾನಾಗಿ ಕಟ್ಟಿದ ಕಂದು ಅಥವಾ ಕಪ್ಪು ಪದರವನ್ನು ಸಂಗ್ರಾಹಕರು ಕೊಳೆಯೆಂದು ಎಣಿಸುವುದಿಲ್ಲ. ಹುಳಿ ಆ ಪದರದ ಜೊತೆಗೆ ಅಕ್ಷರಗಳ ಅಂಚನ್ನೂ ತಿನ್ನುತ್ತದೆ, ಬೂದಿ ಮತ್ತು ಹಲ್ಲುಜ್ಜುವ ಪೇಸ್ಟು ಕೂದಲೆಳೆಯಂಥ ಗೀರುಗಳನ್ನು ಬಿಡುತ್ತವೆ. ಉಜ್ಜಿ ಬೆಳಗಿದ ನಾಣ್ಯವನ್ನು ಅನುಭವಿಗಳು ದೂರದಿಂದಲೇ ಗುರುತಿಸುತ್ತಾರೆ, ಮತ್ತು ಅದರ ಬೆಲೆ ಇಳಿದೇ ಇಳಿಯುತ್ತದೆ. ಅಂಟಿದ ಮಣ್ಣು ತೀರಾ ಹೆಚ್ಚಿದ್ದರೂ ಏನು ಮಾಡಬೇಕೆಂಬುದನ್ನು ಸಭೆಯಲ್ಲಿ ಕೇಳಿಕೊಂಡು ಬನ್ನಿ.

ಇಡೀ ಡಬ್ಬಿಯನ್ನು ಹೊತ್ತೊಯ್ಯುವ ಅಗತ್ಯವಿಲ್ಲ. ಒಂದೊಂದು ಬಗೆಗೆ ಒಂದರಂತೆ ಕೆಲವನ್ನು ಆರಿಸಿ, ಪ್ರತ್ಯೇಕ ಕಾಗದದ ಲಕೋಟೆಗಳಲ್ಲಿಟ್ಟು, ಮೇಲೆ ಇಸವಿಯನ್ನೂ ತೂಕವನ್ನೂ ಬರೆಯಿರಿ. ಬಗ್ಗುವ ಅಗ್ಗದ ಪ್ಲಾಸ್ಟಿಕ್ ಚೀಲಗಳು ಬೇಡ. ಅವುಗಳಿಂದ ತಾಮ್ರಕ್ಕೆ ಹಸಿರು ಜಿಡ್ಡು ಹತ್ತುತ್ತದೆ. ವಿಕ್ಟೋರಿಯಾ ರಾಣಿಯ ಚಿತ್ರವಿರುವ ಬೆಳ್ಳಿ ರೂಪಾಯಿ ಸವೆಯದೆ ಉಳಿದಿದ್ದರೆ ಸುಮಾರು 11.66 ಗ್ರಾಂ ತೂಗಬೇಕು, ಅಂದರೆ ಹಳೆಯ ಬ್ರಿಟಿಷ್ ತೂಕದಲ್ಲಿ 180 ಗ್ರೇನ್. ತೂಕ ಗಣನೀಯವಾಗಿ ತಪ್ಪಿದರೆ ಅದು ನಕಲಿಯೇ ಎಂದು ವಿಚಾರಿಸಬೇಕಾಗುತ್ತದೆ. ನಿಮ್ಮ ಡಬ್ಬಿಯಲ್ಲಿ 1862 ಎಂಬ ಇಸವಿಯ ರೂಪಾಯಿಗಳು ಹೆಚ್ಚಾಗಿದ್ದರೆ ಅಚ್ಚರಿಪಡಬೇಡಿ: ಆ ಇಸವಿಯನ್ನು ಬದಲಿಸದೆಯೇ ಮುಂದಿನ ಹಲವು ವರ್ಷ ಟಂಕಿಸಲಾಯಿತು. ಅವುಗಳ ಮೇಲಿನ ಸಣ್ಣ ಚುಕ್ಕೆಗಳನ್ನು ಎಣಿಸಿ ಬಗೆ ಬೇರ್ಪಡಿಸುವುದೇ ಕೆಲವು ಸಂಗ್ರಾಹಕರಿಗೆ ಒಂದು ಗೀಳು. ಅಂಥವರ ಪಕ್ಕದಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧದಷ್ಟು ಮಾತ್ರ ಎಂಬುದನ್ನೂ ನೆನಪಿಡಿ.

ಸಭೆಯ ನಡವಳಿಕೆಯಲ್ಲಿ ಮುಖ್ಯವಾದದ್ದು ನಾಣ್ಯ ಮುಟ್ಟುವ ರೀತಿ. ಕೇಳದೆ ಯಾರ ನಾಣ್ಯವನ್ನೂ ಎತ್ತಬಾರದು. ಎತ್ತಿದರೆ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಅಂಚನ್ನು ಮಾತ್ರ ಹಿಡಿದು, ಮೇಜಿನ ಮೇಲಿನ ಬಟ್ಟೆಗೆ ಹತ್ತಿರದಲ್ಲೇ ಹಿಡಿಯಬೇಕು. ಕೈಯಿಂದ ಕೈಗೆ ಕೊಡುವುದಿಲ್ಲ: ನೀವು ಬಟ್ಟೆಯ ಮೇಲೆ ಇಡಬೇಕು, ಇನ್ನೊಬ್ಬರು ಅಲ್ಲಿಂದ ಎತ್ತಿಕೊಳ್ಳಬೇಕು. ಇದರಿಂದ ನಾಣ್ಯ ಬೀಳುವುದೂ ತಪ್ಪುತ್ತದೆ, ಯಾರ ಕೈಯಲ್ಲಿ ಕಳೆಯಿತೆಂಬ ಮನಸ್ತಾಪವೂ ತಪ್ಪುತ್ತದೆ.

ಭಾಷೆಯ ಬಗ್ಗೆ ಅಳುಕು ಬೇಡ. ಪುಣೆಯವರಿಗೆ ಶಿವಾಜಿಯ ಹೆಸರಿನ ಶಿವರಾಯಿ ಎಂಬ ತಾಮ್ರದ ದುಡ್ಡೆಂದರೆ ಪ್ರಾಣ. ಒಂದು ಬದಿಯಲ್ಲಿ ‘ಶ್ರೀ ರಾಜಾ ಶಿವ’, ಮತ್ತೊಂದರಲ್ಲಿ ‘ಛತ್ರಪತಿ’ ಎಂಬ ನಾಗರಿ ಅಕ್ಷರಗಳು, ದುದಾಂಡಿ ಎಂಬ ಬಗೆಯಲ್ಲಿ ನಡುವೆ ಎರಡು ಗೆರೆಗಳು. ಧಾರವಾಡದ ಡಬ್ಬಿಯಲ್ಲಿ ಇವೂ ಇರಬಹುದು, ಗುರುತು ಹಿಡಿಸಿಕೊಳ್ಳಿ. ಪ್ರತಿಯಾಗಿ ನೀವು ಕೊಡಬಹುದಾದದ್ದು ಕನ್ನಡದ ಓದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ಕನ್ನಡ ಅಕ್ಷರಗಳಿವೆ; ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದೇ ಬರೆದಿದೆ. ಇಂಥದ್ದನ್ನು ತಡವರಿಸುತ್ತಲಾದರೂ ಓದಬಲ್ಲವರಿಗೆ ಮೇಜಿನ ಬಳಿ ಜಾಗ ತಾನಾಗಿ ಸಿಗುತ್ತದೆ.

ಮೊದಲ ದಿನವೇ ‘ಇದಕ್ಕೆ ಎಷ್ಟು ಬರುತ್ತದೆ’ ಎಂದು ಕೇಳಬೇಡಿ. ಇಂಥ ಕೂಟಗಳಿಗೆ ವ್ಯಾಪಾರಿಗಳೂ ಬರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಳ್ಳಲಿರುವವನೇ ಬೆಲೆ ಕಟ್ಟುವವನೂ ಆಗಬಾರದು. ಕೆಲವು ಸಭೆಗಳನ್ನು ಕೇಳಿಸಿಕೊಂಡ ಮೇಲೆ ಮಾರುವ ಯೋಚನೆ ನಿಮಗೇ ಹೋಗಿರಲೂಬಹುದು.

ಪ್ರಶ್ನೆ: ಮುಂಬಯಿಯ ಚೋರ್ ಬಜಾರಿನಲ್ಲಿ ಹನುಮಂತನ ಚಿತ್ರವಿರುವ, ಈಸ್ಟ್ ಇಂಡಿಯಾ ಕಂಪನಿಯ 1818ರ ಅರ್ಧಾಣೆಯನ್ನು ಕೊಂಡಿದ್ದೇನೆ. ಸಭೆಗೆ ಒಯ್ದು ತೋರಿಸಬಹುದೆ? ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನೂ ಬಂದಿದೆ. (ಡೊಂಬಿವಿಲಿ)

ಉತ್ತರ: ತೋರಿಸಿ, ಆದರೆ ನಾಣ್ಯವೆಂದು ಹೇಳಬೇಡಿ. ಅದು ಪೂಜೆಗೋ ಮಾರಾಟಕ್ಕೋ ಯಾರೋ ಮಾಡಿಸಿದ ಬಿಲ್ಲೆ. ಮದರಾಸಿನಲ್ಲಿ ಕಂಪನಿಯವರು ದೇವರ ಮೂರ್ತಿಯುಳ್ಳ ವರಾಹ ಎಂಬ ಚಿನ್ನದ ನಾಣ್ಯಗಳನ್ನು ಟಂಕಿಸಿದ್ದು ನಿಜವಾದರೂ ಹನುಮಂತನ ಅರ್ಧಾಣೆಯನ್ನು ಅವರು ಎಂದೂ ಹೊರಡಿಸಲಿಲ್ಲ. ಅವರ ಎಲ್ಲ ಪ್ರಾಂತಗಳಿಗೂ ಒಂದೇ ಮಾದರಿಯ ನಾಣ್ಯ ಬಂದದ್ದೇ 1835ರಲ್ಲಿ. ಫೋನಿನ ವಿಷಯಕ್ಕೆ ಬಂದರೆ, ಒಂದು ಪೈಸೆಯನ್ನೂ ಕಟ್ಟಬೇಡಿ. ಇಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ. ಸಭೆಗೆ ಮೊದಲು ಮುಂಬಯಿಯ ಫೋರ್ಟ್ ಪ್ರದೇಶದಲ್ಲಿರುವ ಅದೇ ಬ್ಯಾಂಕಿನ ನಾಣ್ಯ ಸಂಗ್ರಹಾಲಯವನ್ನು ಒಮ್ಮೆ ನೋಡಿ ಬಂದರೆ ಅಸಲಿ ಕಂಪನಿ ನಾಣ್ಯಗಳ ಚಹರೆ ಕಣ್ಣಿಗೆ ಹತ್ತುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಪೋರ್ಚುಗೀಸರ ಕಾಲದ 1881ರ ಒಂದು ರುಪಿಯಾ ಇದೆ. ಮುಂಬಯಿಯ ಸಭೆಗೆ ಒಯ್ಯಲು ಅನುಮತಿ ಬೇಕೆ? (ಮಡಗಾಂವ್, ಗೋವಾ)

ಉತ್ತರ: ದೇಶದೊಳಗೆ ಒಯ್ದು ತೋರಿಸಲು ಅಡ್ಡಿಯಿಲ್ಲ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, ಲಿಸ್ಬನ್ನಿನಲ್ಲಿರುವ ನೆಂಟರಿಗೆ ಅಂಚೆಯಲ್ಲಿ ಕಳಿಸುವ ಯೋಚನೆ ಇದ್ದರೆ ಕೈಬಿಡಿ. ತೋಟ ಅಗೆಯುವಾಗ ಸಿಕ್ಕ ನಾಣ್ಯದ ಮಾತು ಬೇರೆ: ಹತ್ತು ರೂಪಾಯಿ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಆ ರುಪಿಯಾ ಟಂಕವಾದದ್ದು ಬ್ರಿಟಿಷರ ಕಲ್ಕತ್ತಾ ಟಂಕಸಾಲೆಯಲ್ಲಿ. ತೂಕವೂ ಅವರ ರೂಪಾಯಿಯಷ್ಟೇ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಮುಂಬಯಿಯವರು ಖಂಡಿತ ಕುತೂಹಲದಿಂದ ನೋಡುತ್ತಾರೆ.